ತೂಕ ಒಂದೇ, ಆಕಾರ ಎರಡು: ಕಟ್ಟಡದ ಕೆಲಸದಲ್ಲಿ ಚೌಕ ಮತ್ತು ಆಯತ ಉಕ್ಕಿನ ಕೊಳವೆ

(ಆನ್‌ಲೈನ್ ವಿಚಾರಗೋಷ್ಠಿಯ ಮಾತುಗಳ ಬರಹರೂಪ)

ಹೊಸೂರು, ಕಾಸರಗೋಡು, ಸೊಲ್ಲಾಪುರ ಕಡೆಗಳಿಂದ ಸೇರಿರುವ ವಿದ್ಯಾರ್ಥಿ ಗೆಳೆಯರೇ, ಅಧ್ಯಾಪಕರೇ, ಇವತ್ತಿನ ವಿಷಯ ನಮ್ಮ ಮನೆ ಮೇಲೇ ಇದೆ. ತಾರಸಿಯ ಮೇಲಿನ ಶೀಟಿನ ಮಾಡು, ಗೋದಾಮು, ಬಸ್ ತಂಗುದಾಣ, ಎಲ್ಲಿ ನೋಡಿದರೂ ಎರಡು ಬಗೆಯ ಕೊಳವೆ: ಸ್ಕ್ವೇರ್ ಪೈಪ್, ರೆಕ್ಟಾಂಗಲ್ ಪೈಪ್. ಯಾವುದು ಗಟ್ಟಿ ಅಂತ ಕೇಳಿದರೆ ವೆಲ್ಡಿಂಗ್ ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಹೇಳಹೊರಟಿರುವುದು ಇಷ್ಟೆ: ಆ ಪ್ರಶ್ನೆಗೆ ಉತ್ತರ ಕೊಳವೆಯಲ್ಲಿಲ್ಲ, ಭಾರ ಯಾವ ದಿಕ್ಕಿನಿಂದ ಬರುತ್ತದೆ ಎಂಬುದರಲ್ಲಿದೆ.

ಒಂದೇ ಪಟ್ಟಿಯ ಎರಡು ರೂಪ

ಈ ಕೊಳವೆಗಳನ್ನು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ. ಉಕ್ಕಿನ ಪಟ್ಟಿಯನ್ನು ದುಂಡಗೆ ಸುರುಳಿಸಿ, ಅಂಚನ್ನು ವಿದ್ಯುತ್ತಿನಿಂದ ಬೆಸೆದು, ಆಮೇಲೆ ರೋಲರುಗಳ ನಡುವೆ ಒತ್ತಿ ಚೌಕವೋ ಆಯತವೋ ಮಾಡುತ್ತಾರೆ. ನಮ್ಮ ದೇಶದಲ್ಲಿ ಇವುಗಳ ಮಾನಕ ಐಎಸ್ 4923. 60×60 ಮತ್ತು 80×40 ಎರಡರ ಸುತ್ತಳತೆಯೂ 240 ಮಿ.ಮೀ. ಹಾಗಾಗಿ 3 ಮಿ.ಮೀ. ದಪ್ಪದಲ್ಲಿ ಎರಡೂ ಮೀಟರಿಗೆ ಸುಮಾರು 5.4 ಕೆ.ಜಿ. ತೂಗುತ್ತವೆ. ಪೈಪು ತೂಕದ ಲೆಕ್ಕದಲ್ಲಿ ಮಾರಾಟವಾಗುವುದರಿಂದ ದುಡ್ಡೂ ಹೆಚ್ಚುಕಡಿಮೆ ಅಷ್ಟೆ. ಹೋಲಿಕೆಗೆ ಇದಕ್ಕಿಂತ ನ್ಯಾಯವಾದ ಜೋಡಿ ಸಿಗಲಿಕ್ಕಿಲ್ಲ.

ಈಗ ಮೊಮೆಂಟ್ ಆಫ್ ಇನರ್ಷಿಯಾ ನೋಡೋಣ, ಅಂದರೆ ಬಾಗುವಿಕೆಯನ್ನು ತಡೆಯುವುದರಲ್ಲಿ ಆಕಾರದ ಪಾಲು. ಮೂಲೆಯ ದುಂಡನ್ನು ಬಿಟ್ಟು ಲೆಕ್ಕ ಹಾಕಿದ್ದೇನೆ. ಕೈಪಿಡಿಯ ಕೋಷ್ಟಕಗಳಲ್ಲಿ ಅಂಕಿ ಸ್ವಲ್ಪ ಕಡಿಮೆ ಇರುತ್ತದೆ. ಚೌಕಕ್ಕೆ ಎರಡೂ ದಿಕ್ಕಿನಲ್ಲಿ 37.1. ಆಯತವನ್ನು ನಿಲ್ಲಿಸಿಟ್ಟರೆ 55.9, ಮಲಗಿಸಿಟ್ಟರೆ 18.4 (ಎಲ್ಲವೂ ಸೆಂ.ಮೀ.ನ ನಾಲ್ಕನೇ ಘಾತದಲ್ಲಿ). ಅಂದರೆ ಒಂದು ದಿಕ್ಕಿನಲ್ಲಿ ಚೌಕದ ಒಂದೂವರೆ ಪಟ್ಟು, ಇನ್ನೊಂದು ದಿಕ್ಕಿನಲ್ಲಿ ಅರ್ಧ. ಒಂದು ಕಡೆ ಗಳಿಸಿದ್ದಕ್ಕೆ ಇನ್ನೊಂದು ಕಡೆ ಬೆಲೆ ಕೊಟ್ಟಿದ್ದೇವೆ.

ತೊಲೆಯಾಗಿ

3 ಮೀಟರ್ ಅಂತರದ ಪರ್ಲಿನ್ ತೆಗೆದುಕೊಳ್ಳಿ. ಮೀಟರಿಗೆ 1 ಕಿಲೋನ್ಯೂಟನ್, ಅಂದರೆ ಸುಮಾರು 100 ಕೆ.ಜಿ. ಭಾರ, ನೇರ ಕೆಳಕ್ಕೆ. ಚೌಕ ನಡುವೆ 14.2 ಮಿ.ಮೀ. ಬಾಗುತ್ತದೆ. ನಿಂತ ಆಯತ 9.4 ಮಿ.ಮೀ. ಮಲಗಿದ ಆಯತ 28.6 ಮಿ.ಮೀ. ತಗಡಿನ ಮಾಡಿನ ಪರ್ಲಿನ್‌ಗೆ ಐಎಸ್ 800 ಕೊಡುವ ಮಿತಿ ಅಂತರದ 150ನೇ ಒಂದು ಭಾಗ, ಇಲ್ಲಿ 20 ಮಿ.ಮೀ. ನೋಡಿ, ಪೈಪ್ ಅದೇ, ದುಡ್ಡೂ ಅದೇ. ಸ್ಕ್ರೂ ಹೊಡೆಯೋಕೆ ಅಗಲ ಮುಖ ಅನುಕೂಲ ಅಂತ ಮಲಗಿಸಿಬಿಟ್ಟರೆ ಮಿತಿ ದಾಟಿಹೋಯಿತು.

ಹಾಗಾದರೆ ಮಾಡಿಗೆ ಯಾವಾಗಲೂ ನಿಂತ ಆಯತವೇ ಸರಿಯೆ? ಇಲ್ಲಿ ಊರಿನ ಮಳೆ ನಡುವೆ ಬರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಅಲ್ಲಿ ಮಾಡು ಕಡಿದಾಗಿರಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಬಯಲುಸೀಮೆ. ಅಲ್ಲಿ ತಗಡಿನ ಶೆಡ್ಡಿಗೆ ಕಡಿಮೆ ಇಳಿಜಾರು ಸಾಕು. ಇಳಿಜಾರಿನ ಮೇಲೆ ಮಾಡಿನ ಜೊತೆ ಪರ್ಲಿನ್ನೂ ವಾಲುತ್ತದೆ, ಭಾರ ಮಾತ್ರ ನೇರ ಕೆಳಗೇ ಎಳೆಯುತ್ತದೆ. ಆಗ ಅದರ ಒಂದು ಪಾಲು ಆಯತದ ದುರ್ಬಲ ದಿಕ್ಕಿಗೆ ಬೀಳುತ್ತದೆ.

10 ಡಿಗ್ರಿ ಇಳಿಜಾರಿನಲ್ಲಿ ಆಯತ 10.5 ಮಿ.ಮೀ., ಚೌಕ 14.2 ಮಿ.ಮೀ. ಬಾಗುತ್ತವೆ. ಆಯತಕ್ಕೆ ಇನ್ನೂ ಲಾಭವಿದೆ. 20 ಡಿಗ್ರಿಗೆ ಬಂದರೆ 13.2 ಮತ್ತು 14.2. ಒತ್ತಡವನ್ನು ನೋಡಿದರೆ ಚೌಕದಲ್ಲಿ ಚದರ ಮಿ.ಮೀ.ಗೆ 116.5 ನ್ಯೂಟನ್, ಆಯತದಲ್ಲಿ 117.5. ಲಾಭ ಪೂರ್ತಿ ಕರಗಿತು. ಇನ್ನೂ ಕಡಿದಾದರೆ ಚೌಕವೇ ಮುಂದೆ. ಆಯತವನ್ನೇ ಹಾಕಬೇಕೆಂದಿದ್ದರೆ ಪರ್ಲಿನ್‌ಗಳ ನಡುಮಧ್ಯದಲ್ಲಿ ಇಳಿಜಾರಿನುದ್ದಕ್ಕೆ ಸರಳು, ಅಂದರೆ ಸ್ಯಾಗ್ ರಾಡ್, ಹಾಕಿ ಮಾಡಿನ ನೆತ್ತಿಗೆ ಬಿಗಿಯಬೇಕು. ಆಗ ಒತ್ತಡ ಸುಮಾರು 86ಕ್ಕೆ ಇಳಿಯುತ್ತದೆ. ದೊಡ್ಡ ಪೈಪಿಗೆ ಸುರಿಯುವ ದುಡ್ಡಿನ ಮುಂದೆ ಸರಳಿನ ಖರ್ಚು ಏನೂ ಅಲ್ಲ.

ಕಂಬವಾಗಿ

ಕಂಬದ ನ್ಯಾಯವೇ ಬೇರೆ. ಮೇಲಿನ ಭಾರಕ್ಕೆ ಕಂಬ ಸೊಟ್ಟಗಾಗುವುದು ಯಾವಾಗಲೂ ತನ್ನ ದುರ್ಬಲ ದಿಕ್ಕಿಗೆ. ಎರಡೂ ತುದಿ ತಿರುಗಬಲ್ಲ 3 ಮೀಟರ್ ಕಂಬಕ್ಕೆ ಆಯ್ಲರ್ ಸೂತ್ರದ ಪ್ರಕಾರ ಚೌಕದ ಮಿತಿ 81.5 ಕಿಲೋನ್ಯೂಟನ್, ಆಯತದ್ದು 40.4 ಮಾತ್ರ. ಇವು ಸಿದ್ಧಾಂತದ ಅಂಕಿಗಳು, ವಿನ್ಯಾಸದಲ್ಲಿ ಇನ್ನೂ ಕಡಿಮೆ ಹಿಡಿಯಬೇಕು. ಕಂಬ ಎಷ್ಟು ಸಣಕಲು ಎಂದು ಹೇಳುವ ಸ್ಲೆಂಡರ್‌ನೆಸ್ ಅನುಪಾತ ಚೌಕಕ್ಕೆ 129, ಆಯತಕ್ಕೆ 183. ಭಾರ ಹೊರುವ ಕಂಬಕ್ಕೆ ಐಎಸ್ 800ರ ಮಿತಿ 180. ಆಯತ ಅಲ್ಲೇ ಅನುತ್ತೀರ್ಣ.

ತಿರುಚುವಿಕೆಯಲ್ಲೂ ಚೌಕ ಮೇಲು. ಅದೇ ಸುತ್ತಳತೆಗೆ ಚೌಕ ಹೆಚ್ಚು ಜಾಗ ಸುತ್ತುವರಿಯುತ್ತದೆ, ಹಾಗಾಗಿ ಆಯತಕ್ಕೆ ಸಿಗುವುದು ಅದರ 77 ಶೇಕಡಾ ಬಿಗಿ. ಒಂಟಿ ಕಂಬದ ಮೇಲಿನ ನಾಮಫಲಕಕ್ಕೆ ಗಾಳಿ ಒಂದು ಪಕ್ಕದಿಂದ ಹೊಡೆದರೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ದಪ್ಪದ ಬಗ್ಗೆಯೂ ಒಂದು ಮಾತು. ತೆಳು ಪೈಪಿನಲ್ಲಿ ಅಗಲ ಮುಖವೇ ಮೊದಲು ಒಳಕ್ಕೋ ಹೊರಕ್ಕೋ ಸುಕ್ಕುಗಟ್ಟುತ್ತದೆ. 3 ಮಿ.ಮೀ. ದಪ್ಪದಲ್ಲಿ 80ರ ಮುಖ ದಪ್ಪದ 27 ಪಟ್ಟು ಇದ್ದರೆ, 1.2 ಮಿ.ಮೀ.ನಲ್ಲಿ 67 ಪಟ್ಟು. ಕಡಲತೀರದ ಉಪ್ಪುಗಾಳಿಯಲ್ಲಿ ತುಕ್ಕು ಆ ದಪ್ಪವನ್ನೂ ತಿನ್ನುತ್ತದೆ. ಕತ್ತರಿಸಿದ ತುದಿಗೆ ಮುಚ್ಚಳ ಬೆಸೆಯದಿದ್ದರೆ ನೀರು ಒಳಗಿಳಿದು, ಬಣ್ಣ ಮುಟ್ಟದ ಒಳಮೈಯಿಂದ ತುಕ್ಕು ಶುರುವಾಗುತ್ತದೆ. ಇದು ಎರಡೂ ಆಕಾರಕ್ಕೆ ಸಮ.

ಚರ್ಚೆಯಿಂದ

ಸೊಲ್ಲಾಪುರದ ವಿದ್ಯಾರ್ಥಿ: ಸರ್, ನಮ್ಮ ಕಡೆ 80×40 ತಂದ್ರ ಕಂಬಕ್ಕೂ ಅದನ್ನ ಹಾಕಿಬಿಡ್ತಾರ. ಶೆಡ್ಡು ನಿಂತೇ ಅದಾವಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ನಿಂತಿದ್ದರೆ ಕಾರಣ ಗೋಡೆಯ ಅಡ್ಡಪಟ್ಟಿ ಇರಬಹುದು. ನಡು ಎತ್ತರದಲ್ಲಿ ಗೋಡೆಯುದ್ದಕ್ಕೆ ಗಟ್ಟಿ ಅಡ್ಡಪಟ್ಟಿ ಹಾಕಿ, ಅದನ್ನು ಬ್ರೇಸಿಂಗ್‌ಗೆ ಕಟ್ಟಿ, ಕಂಬದ 40ರ ಬದಿಯನ್ನು ಗೋಡೆಯ ಗುಂಟ ಇಟ್ಟರೆ ದುರ್ಬಲ ದಿಕ್ಕಿನ ಉದ್ದ ಅರ್ಧವಾಗುತ್ತದೆ, ಆ ದಿಕ್ಕಿನ ತಾಕತ್ತು ನಾಲ್ಕು ಪಟ್ಟಾಗುತ್ತದೆ. ಆಗ ಮಿತಿ ಪ್ರಬಲ ದಿಕ್ಕಿನದ್ದು, 122.5 ಕಿಲೋನ್ಯೂಟನ್. ಚೌಕದ 81.5ಕ್ಕಿಂತ ಹೆಚ್ಚು! 80ರ ಬದಿ ಗಾಳಿಗೆ ಎದುರಾಗಿಯೂ ನಿಲ್ಲುತ್ತದೆ. ಆದರೆ ಅದೇ ಕಂಬವನ್ನು ತಿರುಗಿಸಿ ನೆಟ್ಟರೆ, ಇಲ್ಲವೆ ಆಮೇಲೆ ಬಾಗಿಲು ಬೇಕೆಂದು ಅಡ್ಡಪಟ್ಟಿ ಕೊಯ್ದರೆ, ಮತ್ತೆ 40.4ಕ್ಕೇ ಬಂದು ನಿಲ್ಲುತ್ತೇವೆ. ಶೆಡ್ಡು ಅಲ್ಲೇ ಬೀಳಲಿಕ್ಕಿಲ್ಲ. ಬಿರುಗಾಳಿ ಬಂದ ದಿನ ಗೊತ್ತಾಗುತ್ತದೆ.

ಒಟ್ಟಿನಲ್ಲಿ, ಭಾರದ ದಿಕ್ಕು ಗೊತ್ತಿದ್ದು ಅಡ್ಡ ಆಸರೆ ಇದ್ದರೆ ಆಯತ. ದಿಕ್ಕು ಗೊತ್ತಿಲ್ಲದ ಕಡೆ, ಆಸರೆಯಿಲ್ಲದ ಕಂಬಕ್ಕೆ, ಕಡಿದಾದ ಮಾಡಿಗೆ ಚೌಕ. ನಕ್ಷೆಯಲ್ಲಿ ಅಳತೆ ಬರೆದು ಬಿಡಬೇಡಿ. ಯಾವ ಬದಿ ಯಾವ ಕಡೆಗೆ ಎಂಬುದನ್ನೂ ಬರೆಯಿರಿ. ವೆಲ್ಡಿಂಗ್ ಮಾಡುವವರು ಕನ್ನಡ, ತಮಿಳು, ಹಿಂದಿ ಯಾವ ಭಾಷೆಯವರಾದರೂ ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ.