ಸ್ವಯಂಚಾಲಿತ ಖರೀದಿ: ದಾಸ್ತಾನು, ಸೇವೆ ಹಾಗೂ ವೆಚ್ಚಗಳ ಹೊಂದಾಣಿಕೆ

ದಾಸ್ತಾನು ನಿಗದಿತ ಮಟ್ಟಕ್ಕೆ ಇಳಿದೊಡನೆ ಖರೀದಿ ಆದೇಶವನ್ನು ತಾನಾಗಿಯೇ ಸಿದ್ಧಪಡಿಸುವ ಸೌಲಭ್ಯ ಇಂದು ಸಾಧಾರಣ ಲೆಕ್ಕಪತ್ರ ತಂತ್ರಾಂಶಗಳಲ್ಲಿಯೂ ದೊರೆಯುತ್ತದೆ. ಆದರೂ ಲೆಕ್ಕ ಪರಿಶೋಧನೆಗೆಂದು ಉಗ್ರಾಣ ಹೊಕ್ಕಾಗ ಬೇಕಾದ ಸರಕು ಮುಗಿದಿರುವುದನ್ನೂ ಬೇಡದ ಸರಕು ತುಂಬಿರುವುದನ್ನೂ ಒಂದೇ ಸೂರಿನಡಿ ಕಾಣುತ್ತೇವೆ. ತಂತ್ರಾಂಶಕ್ಕೆ ಒಮ್ಮೆ ತುಂಬಿಸಿ ಮರೆತುಬಿಟ್ಟ ಅಂಕಿಗಳೇ ಇದಕ್ಕೆ ಮುಖ್ಯ ಕಾರಣ.

ಕೊಯಮತ್ತೂರಿನಿಂದ ಪಂಪ್‌ಸೆಟ್ ಬಿಡಿಭಾಗಗಳನ್ನು ತರಿಸಿ ಮಾರುವ ಹುಬ್ಬಳ್ಳಿಯ ಅಂಗಡಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಒಂದು ಬಿಡಿಭಾಗದ ವಾರ್ಷಿಕ ಮಾರಾಟ 1,200. ಖರೀದಿ ಬೆಲೆ 400 ರೂ.; ಪ್ರತಿ ಆದೇಶದ ವೆಚ್ಚ 300 ರೂ.; ಬಡ್ಡಿ, ಉಗ್ರಾಣದ ಬಾಡಿಗೆ, ವಿಮೆ, ಹಾಳು ಎಲ್ಲ ಸೇರಿ ಒಂದನ್ನು ವರ್ಷವಿಡೀ ಇಟ್ಟುಕೊಳ್ಳುವ ವೆಚ್ಚ ಬೆಲೆಯ ಶೇ. 18, ಅಂದರೆ 72 ರೂ. ಬಿ.ಕಾಂ. ತರಗತಿಯಲ್ಲಿ ಬಾಯಿಪಾಠ ಮಾಡಿದ, 1913ರಲ್ಲಿ ಅಮೆರಿಕದ ಫೋರ್ಡ್ ಹ್ಯಾರಿಸ್ ಪ್ರಕಟಿಸಿದ ಸೂತ್ರದಂತೆ ಮಿತವ್ಯಯದ ಆದೇಶ ಪ್ರಮಾಣ 100. ಆದೇಶ ವೆಚ್ಚ 3,600, ಇಟ್ಟುಕೊಳ್ಳುವ ವೆಚ್ಚ 3,600, ಒಟ್ಟು 7,200 ರೂ. 100ರ ಬದಲು 150 ತರಿಸಿದರೆ ಒಟ್ಟು 7,800 ರೂ. ಪ್ರಮಾಣ ಅರ್ಧದಷ್ಟು ಹೆಚ್ಚಾದರೂ ವರ್ಷದ ನಷ್ಟ 600 ರೂ. ಮಾತ್ರ. ಎಷ್ಟು ತರಿಸಬೇಕೆಂಬುದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಸೂತ್ರವು ಕ್ಷಮಿಸುತ್ತದೆ.

ಯಾವಾಗ ತರಿಸಬೇಕೆಂಬುದರಲ್ಲಿ ಈ ಕ್ಷಮೆಯಿಲ್ಲ. ವರ್ಷಕ್ಕೆ 300 ದಿನಗಳ ವಹಿವಾಟೆಂದರೆ ದಿನಕ್ಕೆ 4 ಮಾರಾಟ. ಸರಕು ಬರಲು 10 ದಿನ. ಆದ್ದರಿಂದ ಮರು ಆದೇಶ ಮಟ್ಟ 40 ಎಂದು ತುಂಬಿಸುತ್ತೇವೆ. ಆದರೆ ಬೇಸಿಗೆಯಲ್ಲಿ ದಿನಕ್ಕೆ 10 ಮಾರಾಟವಾದರೆ ಆ 40 ನಾಲ್ಕೇ ದಿನದಲ್ಲಿ ಮುಗಿದು, ಉಳಿದ ಆರು ದಿನ ಕಪಾಟು ಬರಿದು. ಬೇಸಿಗೆಗೆಂದು ಏರಿಸಿದ ಮಟ್ಟವನ್ನು ಮಳೆಗಾಲಕ್ಕೆ ಮುನ್ನ ಇಳಿಸದಿದ್ದರೆ ಬಂಡವಾಳ ಉಗ್ರಾಣದಲ್ಲಿ ಕೊಳೆಯುತ್ತದೆ. ಆದುದರಿಂದ ಋತುಮಾನದ ಸರಕಿಗೆ ವಾರ್ಷಿಕ ಸರಾಸರಿ ಸಲ್ಲದು. ಸರಕು ಬರುವ ಅವಧಿಯನ್ನು ಸಹ ಸರಬರಾಜುದಾರರ ಮಾತಿನ ಮೇಲೆ ನಿಗದಿಪಡಿಸದೆ, ಹಿಂದಿನ ಹತ್ತು ಖರೀದಿಗಳಲ್ಲಿ ಆದೇಶದ ದಿನದಿಂದ ಸರಕು ಕಪಾಟಿಗೆ ಸೇರಿದ ದಿನದವರೆಗೆ ಎಣಿಸಿ ನೋಡಬೇಕು. ಲಾರಿ ಕಚೇರಿಯಲ್ಲಿ ಬಿದ್ದಿದ್ದ ದಿನಗಳೂ ಇದರಲ್ಲಿ ಸೇರಲಿ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಆ ಆರು ದಿನಗಳಲ್ಲಿ ಸುಮಾರು 60 ಬಿಡಿಭಾಗಗಳ ಬೇಡಿಕೆ ಮರಳಿ ಹೋಯಿತು. ಇಲ್ಲವೆಂದು ಹೇಳಿ ಕಳುಹಿಸಿದ ಗಿರಾಕಿಗೆ ಬಿಲ್ಲು ಇಲ್ಲ. ಬಿಲ್ಲು ಇಲ್ಲದ್ದನ್ನು ತಂತ್ರಾಂಶ ಅರಿಯದು. ಆ ದಿನಗಳ ಮಾರಾಟವನ್ನು ಸೊನ್ನೆಯೆಂದು ಗ್ರಹಿಸಿ, ಮುಂದಿನ ಪರಿಷ್ಕರಣೆಯಲ್ಲಿ ಮಟ್ಟವನ್ನು ಮತ್ತಷ್ಟು ತಗ್ಗಿಸುತ್ತದೆ. ಸರಕು ಇನ್ನೂ ಬೇಗ ಮುಗಿಯುತ್ತದೆ. ಗುತ್ತಿಗೆದಾರರೊಬ್ಬರು ಒಮ್ಮೆ ಮಾತ್ರ ಸಗಟಾಗಿ ಕೊಂಡ ಸರಕು ಇದಕ್ಕೆ ವಿರುದ್ಧವಾಗಿ ಸರಾಸರಿಯನ್ನು ಉಬ್ಬಿಸುತ್ತದೆ. ಗಲ್ಲಾದ ಬಳಿ ಒಂದು ಪುಸ್ತಕವಿಟ್ಟು, ಕೇಳಿ ಸಿಗದೆ ಹೋದ ಸರಕನ್ನು ಅದೇ ಕ್ಷಣ ಬರೆದುಕೊಳ್ಳುವ ಪದ್ಧತಿ ಹಳೆಯದೆನಿಸಿದರೂ, ದುಬಾರಿ ತಂತ್ರಾಂಶಕ್ಕೆ ಇದಕ್ಕಿಂತ ಉತ್ತಮ ಪೂರಕ ನನಗೆ ಕಂಡಿಲ್ಲ.

ಸೇವೆಯ ಮಟ್ಟವನ್ನು ಮಾಲೀಕರೇ ನಿರ್ಧರಿಸಬೇಕು. ಬೇಸಿಗೆಯ ಆ 10 ದಿನಗಳ ಬೇಡಿಕೆಯಲ್ಲಿ ಮಾನಕ ವಿಚಲನೆ 20 ಇದ್ದರೆ, ನೂರಕ್ಕೆ 95 ಸಲ ಸರಕು ಸಾಲುವಂತೆ ಮಾಡಲು ಸುಮಾರು 33 ಸುರಕ್ಷತಾ ದಾಸ್ತಾನು ಬೇಕು. 99 ಸಲಕ್ಕೆ 47. ಸಾವಿರಕ್ಕೆ 999 ಸಲಕ್ಕೆ 62. ಕೊನೆಯ ಒಂದೆರಡು ಅಂಶಗಳ ಸೇವೆಗೇ ಹೆಚ್ಚು ಹಣ ಹೋಗುತ್ತದೆ. ಎಲ್ಲ ಸರಕಿಗೂ ಶೇ. 99 ಎಂದು ತುಂಬಿಸುವವರು ಈ ಲೆಕ್ಕವನ್ನು ನೋಡಿರುವುದಿಲ್ಲ. ಸರಕಿನ ಮೌಲ್ಯವನ್ನಷ್ಟೇ ಆಧರಿಸಿದ ಎ-ಬಿ-ಸಿ ವರ್ಗೀಕರಣವೂ ಇಲ್ಲಿ ಸಾಲದು. ಅಲ್ಪ ಬೆಲೆಯ ಮೆಕ್ಯಾನಿಕಲ್ ಸೀಲ್ ಇಲ್ಲದೆ ಏಪ್ರಿಲ್‌ನಲ್ಲಿ ಪಂಪು ನಿಂತ ರೈತರು ನಾಳೆಯವರೆಗೆ ಕಾಯಲಾರರು. ಪಕ್ಕದ ಅಂಗಡಿಗೆ ಹೋಗಿ ಉಳಿದ ಸಾಮಾನನ್ನೂ ಅಲ್ಲಿಯೇ ಕೊಳ್ಳುತ್ತಾರೆ. ಸರಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನೋಡಿ ಅತ್ಯಗತ್ಯ, ಅಗತ್ಯ, ಅಪೇಕ್ಷಣೀಯ ಎಂದು ವಿಂಗಡಿಸಿ, ಮೊದಲ ವರ್ಗಕ್ಕೆ ಮಾತ್ರ ಉನ್ನತ ಮಟ್ಟ ಕೊಡುವುದು ಲೇಸು.

ತಂತ್ರಾಂಶವು ನೋಡುವುದು ಪುಸ್ತಕದ ದಾಸ್ತಾನನ್ನು. ಸರಕು ಬಂದರೂ ಒಳಬರುವ ದಾಖಲೆ ಆಗದಿದ್ದರೆ ಅದು ಎರಡನೆಯ ಆದೇಶವನ್ನು ಹೊರಡಿಸೀತು. ವಾರಕ್ಕೊಮ್ಮೆ ಕೆಲವೇ ಸರಕುಗಳನ್ನಾದರೂ ಎಣಿಸಿ ತಾಳೆ ನೋಡಬೇಕು. ನಿಗದಿತ ಮೊತ್ತ ಮೀರಿದ ಆದೇಶಕ್ಕೆ ಮಾಲೀಕರ ಒಪ್ಪಿಗೆ ಕಡ್ಡಾಯವಾಗಿರಲಿ.

ಕಾನೂನಿನ ಎರಡು ಅಂಶಗಳನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ 15ನೇ ಕಲಮಿನಂತೆ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಹಣ ಪಾವತಿಸುವ ಅವಧಿ, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಅವಧಿಯೊಳಗೆ ಮಾರಾಟವಾಗದ ಸರಕಿಗೆ ಸ್ವಂತ ಹಣ ಅಥವಾ ಬ್ಯಾಂಕ್ ಸಾಲವೇ ಗತಿ. ಇನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯುವುದಿಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕು. ಆದ್ದರಿಂದ ಚಲನೆಯಿಲ್ಲದ ಸರಕಿನ ಪಟ್ಟಿಯನ್ನು ಮಾರ್ಚ್‌ಗೆ ಕಾಯದೆ ಮೂರು ತಿಂಗಳಿಗೊಮ್ಮೆ ತೆಗೆದು, ಆ ಸರಕುಗಳ ಮರು ಆದೇಶ ಮಟ್ಟವನ್ನು ಸೊನ್ನೆಗೆ ಇಳಿಸಿ, ಕೈಗೆ ಬಂದ ಬೆಲೆಗೆ ಮಾರಿಬಿಡುವುದು ಒಳಿತು.