ಒಲೆಯ ಹಿಂದಿನ ಅಜ್ಜ: ಸ್ಲಾವ್ ಜನಪದದ ಗೃಹಚೇತನಗಳು

ಹಳೆಯ ಮನೆ ತೊರೆದು ಹೊಸ ಮನೆಗೆ ಹೊರಡುವ ರಷ್ಯಾದ ರೈತ ಕುಟುಂಬಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಮನೆಯ ಹಿರಿಯ ಹೆಂಗಸು ಹಳೆಯ ಒಲೆಯ ಕೆಂಡವನ್ನು ಮಡಕೆಗೆ ತುಂಬಿಕೊಂಡು, ತಮ್ಮೊಡನೆ ಬರುವಂತೆ ಅಜ್ಜನನ್ನು ಆಹ್ವಾನಿಸುತ್ತಿದ್ದಳು. ಹೊಸ ಒಲೆ ಹೊತ್ತಿಕೊಳ್ಳುತ್ತಿದ್ದುದು ಆ ಕೆಂಡದಿಂದಲೇ. ಹೀಗೆ ಕರೆಸಿಕೊಳ್ಳುತ್ತಿದ್ದ ಅಜ್ಜನೇ 'ದೊಮೊವೊಯ್', ಅಂದರೆ ಮನೆ ಕಾಯುವ ಚೇತನ.

ರಷ್ಯನ್ ಭಾಷೆಯಲ್ಲಿ 'ದೊಮ್' ಎಂದರೆ ಮನೆ. ಆದರೆ ಈತನನ್ನು ನೇರವಾಗಿ ಹೆಸರಿಸಲು ಹಿಂಜರಿದ ಜನ 'ಅಜ್ಜ', 'ಯಜಮಾನ' ಎಂದೇ ಕರೆದರು. ಒಲೆಯ ಹಿಂದೆ ಅಥವಾ ಹೊಸ್ತಿಲಿನ ಕೆಳಗೆ ವಾಸಿಸುವ ಈತ ಗಡ್ಡಧಾರಿ ಮುದುಕ. ಹಲವೆಡೆ ಈತನ ರೂಪ ಮನೆಯ ಯಜಮಾನನದೇ. ವಂಶದ ಮೃತ ಪೂರ್ವಿಕನೇ ಹೀಗೆ ನೆಲೆಸಿದ್ದಾನೆ ಎಂಬುದು ವ್ಯಾಪಕ ನಂಬಿಕೆ. 988ರಲ್ಲಿ ಕೀವ್‌ನ ರಾಜ ವ್ಲಾದಿಮಿರ್ ಕ್ರೈಸ್ತಧರ್ಮ ಸ್ವೀಕರಿಸಿದ ಬಳಿಕ ಹಳೆಯ ದೇವತೆಗಳ ಆರಾಧನೆ ನಿಂತಿತು. ಒಲೆಯ ಹಿಂದಿನ ಅಜ್ಜ ಮಾತ್ರ ಉಳಿದುಕೊಂಡ. ಉಕ್ರೇನ್‌ನಲ್ಲಿ 'ದೊಮೊವಿಕ್', ಬಲ್ಗೇರಿಯಾದಲ್ಲಿ 'ಸ್ತೊಪಾನ್' ಈತನ ಬಂಧುಗಳು.

ಮುನಿಸು, ಮುನ್ಸೂಚನೆ

ಬ್ರೆಡ್ಡು, ಉಪ್ಪು, ಗಂಜಿ ಈತನಿಗೆ ಸಲ್ಲುವ ಕಾಣಿಕೆ. ಮನೆಯಲ್ಲಿ ಜಗಳ, ಸೋಮಾರಿತನ ಹೆಚ್ಚಿದರೆ ಈತ ಮುನಿಯುತ್ತಾನೆ. ಪಾತ್ರೆಗಳು ಸದ್ದು ಮಾಡುತ್ತವೆ, ಕುದುರೆಯ ಕೇಸರ ಗಂಟಾಗುತ್ತದೆ. ನಿದ್ದೆಯಲ್ಲಿ ಈತನ ಕೈ ಬೆಚ್ಚಗೆ, ರೋಮಮಯವಾಗಿ ತಾಕಿದರೆ ಶುಭ, ತಣ್ಣಗಿದ್ದರೆ ಕೇಡು. ರಾತ್ರಿ ಎದೆಯ ಮೇಲೆ ಭಾರ ಬಿದ್ದು, ಎಚ್ಚರವಿದ್ದರೂ ಅಲುಗಾಡಲಾಗದ ಅನುಭವವನ್ನೂ ಜನ ಈತನಿಗೇ ಹೊರಿಸಿದರು. ಇಂದಿನ ವೈದ್ಯಶಾಸ್ತ್ರ ಇದನ್ನು ನಿದ್ರಾ ಪಾರ್ಶ್ವವಾಯು ಎಂದು ಗುರುತಿಸುತ್ತದೆ.

ಅಪಾಯವಿದ್ದಲ್ಲಿ ಕಾವಲು

ಮನೆಯಿಂದ ಹೊರಬಂದಂತೆ ಚೇತನಗಳ ಸ್ವಭಾವ ಉಗ್ರವಾಗುವುದು ಗಮನಾರ್ಹ. ಉಗಿಸ್ನಾನದ ಮನೆಯ 'ಬಾನ್ನಿಕ್' ನಡುರಾತ್ರಿ ಸ್ನಾನಕ್ಕೆ ಬಂದವರನ್ನು ಉಸಿರುಗಟ್ಟಿಸುತ್ತಾನೆ ಎಂಬ ಭಯವಿತ್ತು. ಹಳೆಯ ಸ್ನಾನಗೃಹಗಳಿಗೆ ಹೊಗೆ ಕೊಳವೆಯೇ ಇರಲಿಲ್ಲ. ಕಣ್ಣಿಗೆ ಕಾಣದ ವಿಷಾನಿಲದಿಂದ ಸಾವು ಸಂಭವಿಸುವ ಅಪಾಯ ನಿಜವಾಗಿಯೂ ಇತ್ತು. ತೆನೆ ಒಣಗಿಸುವ ಕಟ್ಟಡದ 'ಓವಿನ್ನಿಕ್' ಕೆರಳಿದರೆ ಬೆಂಕಿಯಿಡುತ್ತಾನೆ ಎನ್ನುತ್ತಿದ್ದರು. ಅಲ್ಲಿ ತೆನೆಯ ಕೆಳಗೇ ಬೆಂಕಿ ಉರಿಸುತ್ತಿದ್ದುದರಿಂದ ಒಂದು ಕಿಡಿ ಇಡೀ ವರ್ಷದ ದುಡಿಮೆಯನ್ನು ಸುಡಬಲ್ಲದಾಗಿತ್ತು. ಈ ಕಥೆಗಳು ಹುಟ್ಟಿದ್ದು ಎಚ್ಚರಿಕೆ ನೀಡಲೆಂದೇ ಎಂದು ಹೇಳಲಾಗದು; ಆದರೆ ಭಯ ನೆಲೆಸಿದ್ದ ಕಡೆಯಲ್ಲೇ ಅಪಾಯವೂ ಇತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲೆಕ್ಸಾಂದರ್ ಅಫನಾಸ್ಯೆವ್ ಮೊದಲಾದ ವಿದ್ವಾಂಸರು ಈ ನಂಬಿಕೆಗಳನ್ನು ದಾಖಲಿಸಿದರು. ಸೋವಿಯತ್ ಆಡಳಿತ ಇವನ್ನು ಮೂಢನಂಬಿಕೆ ಎಂದು ತಳ್ಳಿಹಾಕಿತು. ಆದರೂ 1984ರಲ್ಲಿ ಅದೇ ಸೋವಿಯತ್ ಒಕ್ಕೂಟದಲ್ಲಿ 'ಕೂಜ್ಯಾ' ಎಂಬ ಪುಟ್ಟ ದೊಮೊವೊಯ್ ಬೊಂಬೆ ಚಿತ್ರದ ನಾಯಕನಾಗಿ ಮಕ್ಕಳ ಮುಂದೆ ಬಂದ. ಆ ಚಿತ್ರದಲ್ಲಿ ಅವನ ಹಳೆಯ ಮನೆ ನೆಲಸಮವಾಗಿದೆ. ಅವನು ಹುಡುಕುತ್ತಿರುವುದು ಹೊಸದೊಂದು ಮನೆಯನ್ನು. ಕೆಂಡದ ಮಡಕೆ ಹಿಡಿದು ಕರೆಯುವವರಿಲ್ಲದ ಕಾಲದಲ್ಲಿ ಮನೆಯ ಅಜ್ಜನೇ ನೆಲೆ ಅರಸಬೇಕಾಯಿತು.