ಗೋಕರ್ಣದ ಕಡಲಂಚಿನಲ್ಲಿ ಎರಡು ರಾತ್ರಿ: ಕಾರು, ಡೇರೆ ಹಾಗೂ ಚಾರಣದ ಪೂರ್ವಸಿದ್ಧತೆ

ವರ್ಷವಿಡೀ ಅಂಗಡಿ, ಕಾರ್ಖಾನೆಗಳಲ್ಲಿ ಮುಳುಗಿರುವ ನಮ್ಮ ಸದಸ್ಯರಲ್ಲಿ ಅನೇಕರು ಇತ್ತೀಚೆಗೆ ಕುಟುಂಬದೊಡನೆ ಸ್ವಂತ ಕಾರಿನಲ್ಲಿ ಕರಾವಳಿಗೆ ತೆರಳಿ, ವಸತಿಗೃಹದ ಬದಲು ಡೇರೆಯಲ್ಲಿ ತಂಗಿ, ಬೆಟ್ಟದಂಚಿನ ಕಾಲುದಾರಿಗಳಲ್ಲಿ ನಡೆದು ಬರಲು ಆಸಕ್ತಿ ತೋರುತ್ತಿದ್ದಾರೆ. ಇದು ಸ್ವಾಗತಾರ್ಹವೇ. ಆದರೆ ಸರಕು ರವಾನೆಗೆ ವಹಿಸುವ ಎಚ್ಚರದ ಅರ್ಧದಷ್ಟನ್ನೂ ಇಂತಹ ಪ್ರವಾಸಕ್ಕೆ ವಹಿಸುವವರು ಕಡಿಮೆ. ಹುಬ್ಬಳ್ಳಿ ಕಡೆಯಿಂದ ಗೋಕರ್ಣಕ್ಕೆ ಹೊರಡುವವರನ್ನು ದೃಷ್ಟಿಯಲ್ಲಿರಿಸಿ ಕೆಲವು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲನೆಯದು ದಿನಾಂಕದ ಆಯ್ಕೆ. ಮೂಲದಲ್ಲಿ ಕಡಿತಗೊಳಿಸಿದ ತೆರಿಗೆಯನ್ನು 7ನೇ ತಾರೀಖಿನೊಳಗೆ ಕಟ್ಟಬೇಕು. ಮಾಸಿಕ ಜಿಎಸ್‌ಟಿ ವಿವರಪಟ್ಟಿಗಳಿಗೆ 11 ಮತ್ತು 20, ಭವಿಷ್ಯನಿಧಿ ಹಾಗೂ ಇಎಸ್‌ಐ ವಂತಿಗೆಗೆ 15 ಕೊನೆಯ ದಿನ. ತಿಂಗಳ ಕೊನೆಗೆ ವೇತನದ ಚಿಂತೆ. ಆದ್ದರಿಂದ ವ್ಯಾಪಾರಿಗೆ ನಿಜವಾಗಿ ಬಿಡುವು ದೊರೆಯುವುದು 21ರಿಂದ 27ರವರೆಗೆ ಮಾತ್ರ. ಋತುವಿನ ದೃಷ್ಟಿಯಿಂದ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಕಡಲನ್ನೇ ನಂಬಿ ಬದುಕುವವರು ದೋಣಿಯನ್ನು ದಡಕ್ಕೇರಿಸಿದ ಕಾಲದಲ್ಲಿ ನಾವು ಅಲ್ಲಿಗೆ ಹೋಗುವುದು ವಿವೇಕವಲ್ಲ.

ಮಾರ್ಗವು ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲಾ ತಲುಪುತ್ತದೆ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಸಾಗಿ ಮಾದನಗೇರಿಯಲ್ಲಿ ಬಲಕ್ಕೆ ತಿರುಗಬೇಕು. ಒಟ್ಟು ದೂರ ಸುಮಾರು 150 ಕಿ.ಮೀ. 2024ರ ಜುಲೈ 16ರಂದು ಗುಡ್ಡ ಕುಸಿದು ಅನೇಕರ ಪ್ರಾಣಹಾನಿಯಾದ ಶಿರೂರು ಇದೇ ದಾರಿಯಲ್ಲಿದೆ. ಘಟ್ಟವನ್ನು ಹಗಲಿನಲ್ಲೇ, ಕೆಳಗಿನ ಗೇರಿನಲ್ಲಿ ಇಳಿಯುವುದು ಲೇಸು. ಭಾರವಾದ ನೀರಿನ ಕ್ಯಾನು, ಪಾತ್ರೆಗಳನ್ನು ಹಿಂದಿನ ಸೀಟಿಗೆ ಒತ್ತಿ ತಳದಲ್ಲಿಟ್ಟು, ಹಗುರವಾದ ಹಾಸಿಗೆ, ಡೇರೆಗಳನ್ನು ಮೇಲಿಡಬೇಕು. ಲಾರಿ ತುಂಬಿಸುವಾಗ ಹಮಾಲರಿಗೆ ನಾವು ಹೇಳುವ ಮಾತನ್ನೇ ಕಾರಿನ ವಿಷಯದಲ್ಲಿ ಮರೆಯುತ್ತೇವೆ.

ವಾಹನದ ಬಗ್ಗೆ ಇನ್ನೂ ಒಂದು ಮಾತು. ಪರಿಚಿತರ ಬಿಳಿ ಫಲಕದ ವಾಹನವನ್ನು ಬಾಡಿಗೆಗೆ ಪಡೆದು ನೌಕರರನ್ನು ಕರೆದೊಯ್ಯುವ ರೂಢಿ ನಮ್ಮಲ್ಲಿದೆ. ಖಾಸಗಿ ಬಳಕೆಗೆಂದು ವಿಮೆ ಮಾಡಿಸಿದ ವಾಹನವು ಬಾಡಿಗೆಗೆ ಓಡುವಾಗ ಅಪಘಾತಕ್ಕೀಡಾದರೆ ವಿಮಾ ಸಂಸ್ಥೆ ಪರಿಹಾರವನ್ನು ನಿರಾಕರಿಸಬಹುದು. ಉಳಿಯುವ ಒಂದೆರಡು ಸಾವಿರ ರೂಪಾಯಿಗಾಗಿ ಇಂತಹ ಹೊಣೆ ಹೊರುವುದು ಲೆಕ್ಕ ಬಲ್ಲವರ ಲಕ್ಷಣವಲ್ಲ.

ವಿಮೆಯ ಪಾಠವನ್ನು ಈ ಲೇಖಕನು ದುಬಾರಿ ಬೆಲೆ ತೆತ್ತು ಕಲಿತಿದ್ದಾನೆ. ಕೆಲವು ವರ್ಷಗಳ ಹಿಂದೆ ಗೋಕರ್ಣದ ಉತ್ತರಕ್ಕೆ ಒಂದು ತೀರದಲ್ಲಿ, ಮರಳು ಗಟ್ಟಿಯಾಗಿದೆಯೆಂದು ಕಾರನ್ನು ನೀರಿನಂಚಿಗೆ ಕೆಲವೇ ಮಾರು ದೂರದಲ್ಲಿ ನಿಲ್ಲಿಸಿ ಅಡುಗೆಗೆ ತೊಡಗಿದೆವು. ಅಂದು ಹುಣ್ಣಿಮೆಯ ಮರುದಿನ. ಕತ್ತಲಾಗುವಷ್ಟರಲ್ಲಿ ಏರಿಬಂದ ನೀರು ಚಕ್ರಗಳ ಕೆಳಗಿನ ಮರಳನ್ನು ಕೊರೆಯಿತು. ಬಾನೆಟ್ಟಿನವರೆಗೆ ಅಲೆ ಬಡಿಯಿತು. ಮೀನುಗಾರ ಬಂಧುಗಳು ಹಗ್ಗ ಕಟ್ಟಿ ಎಳೆದು ಕಾರನ್ನು ಉಳಿಸಿಕೊಟ್ಟರು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಆತುರದಲ್ಲಿ ನಾನು ಕೀಲಿ ತಿರುಗಿಸಿದೆ. ಸಿಲಿಂಡರಿನೊಳಗೆ ನೀರು ಹೊಕ್ಕಿತ್ತು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗಿತು. ಸಾಮಾನ್ಯ ಪಾಲಿಸಿಯಲ್ಲಿ ಇಂತಹ ತತ್ಪರಿಣಾಮ ನಷ್ಟವು ಸೇರುವುದಿಲ್ಲ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿರಬೇಕು. ನಾನು ಕಟ್ಟಿರಲಿಲ್ಲ.

ಈ ಕಾರಣದಿಂದಲೇ ಪಂಚಾಂಗವನ್ನು ನೋಡಿಕೊಳ್ಳಬೇಕು. ಅಮಾವಾಸ್ಯೆ, ಹುಣ್ಣಿಮೆಗಳಂದು ಮತ್ತು ಅನಂತರದ ಒಂದೆರಡು ದಿನ ಉಬ್ಬರ ಅತಿ ಎತ್ತರಕ್ಕೇರಿ, ಇಳಿತ ಅತಿ ಕೆಳಕ್ಕಿಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ವ್ಯತ್ಯಾಸ ಕಡಿಮೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಇಂದಿನ ವೇಳೆ ನಾಳೆಗೆ ಸುಮಾರು 50 ನಿಮಿಷ ತಡವಾಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆಯನ್ನೂ, ದೂರದ ಸಾಗರದಿಂದ ಬರುವ ಕಳ್ಳಕಡಲಿನ ಎಚ್ಚರಿಕೆಯನ್ನೂ ನೀಡುತ್ತದೆ. ಹೊರಡುವ ಹಿಂದಿನ ದಿನ ಅದನ್ನು ನೋಡಲು ಐದು ನಿಮಿಷ ಸಾಕು.

ಡೇರೆಯನ್ನು ಮರಳಿನ ಮೇಲಲ್ಲದೆ, ಮೇಲಿನ ಖಾಸಗಿ ತೋಟ ಅಥವಾ ಶಿಬಿರತಾಣದಲ್ಲಿ ಮಾಲೀಕರ ಒಪ್ಪಿಗೆ ಪಡೆದು ಹಾಕುವುದು ಕ್ಷೇಮ. ಅರಣ್ಯ ಭೂಮಿಯಾದರೆ ಇಲಾಖೆಯ ಅನುಮತಿ ಅಗತ್ಯ. ಚಳಿಗಾಲದಲ್ಲಿ ಉತ್ತರ ಕನ್ನಡದ ತೀರಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಂಕಿ, ಪ್ರಖರ ದೀಪಗಳು ಅವುಗಳಿಗೆ ದಿಕ್ಕು ತಪ್ಪಿಸುತ್ತವೆ. ಮುಚ್ಚಿದ ಡೇರೆಯೊಳಗೆ ಇದ್ದಿಲಿನ ಒಲೆಯನ್ನೂ, ಗ್ಯಾಸ್ ಒಲೆಯನ್ನೂ ಉರಿಸಲೇಬಾರದು. ಹೊರಸೂಸುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಇಂಜಿನ್ ಚಾಲೂ ಇಟ್ಟು ಕಾರಿನೊಳಗೆ ನಿದ್ರಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಚಾರಣದ ದಾರಿ ಕುಡ್ಲೆ ತೀರದಿಂದ ಓಂ, ಅರ್ಧಚಂದ್ರ ತೀರಗಳನ್ನು ದಾಟಿ ಪ್ಯಾರಡೈಸ್ ತೀರಕ್ಕೆ ಸಾಗುತ್ತದೆ. ಓಂ ತೀರದವರೆಗೆ ಕಾರು ಹೋಗುತ್ತದೆ. ಅದರಾಚೆಗೆ ಕಾಲುದಾರಿ ಅಥವಾ ದೋಣಿಯೇ ಗತಿ. ಹಿರಿಯರಿಗೆ ಹೋಗುವಾಗ ನಡಿಗೆ, ಬರುವಾಗ ದೋಣಿ ಅನುಕೂಲ. ಆದರೆ ರಕ್ಷಾಕವಚವಿಲ್ಲದ ದೋಣಿಯನ್ನು ಏರಬಾರದು. ಜಂಬಿಟ್ಟಿಗೆ ಕಲ್ಲಿನ ಅಂಚುಗಳಲ್ಲಿ ಚಪ್ಪಲಿ ಜಾರುತ್ತದೆ, ಹಿಡಿತವಿರುವ ಬೂಟು ಬೇಕು. ತಲೆಗೆ ಮೂರು ಲೀಟರ್ ನೀರು ಒಯ್ಯಬೇಕು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯಾಸ್ತವಾಗುವುದರಿಂದ ನಾಲ್ಕಕ್ಕೆಲ್ಲ ಹಿಂದಿರುಗಲು ಆರಂಭಿಸಬೇಕು.

ಸ್ನಾನದ ವಿಷಯವನ್ನು ಒತ್ತಿ ಹೇಳಬೇಕಾಗಿದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಒಳನಾಡಿನವರಾದ ನಮಗೆ ಕೆರೆ, ಕಾಲುವೆಗಳ ನೀರು ಗೊತ್ತು, ಕಡಲಿನ ಸೆಳವು ಗೊತ್ತಿಲ್ಲ. ಅಕ್ಕಪಕ್ಕದಲ್ಲಿ ಅಲೆಗಳು ಒಡೆಯುತ್ತಿದ್ದು ನಡುವೆ ಮಾತ್ರ ಶಾಂತವಾಗಿ ಕಾಣುವ ಜಾಗವೇ ಅನೇಕ ವೇಳೆ ಸೆಳವಿನ ದಾರಿ. ಅದರಲ್ಲಿ ಸಿಲುಕಿದವರು ದಡದತ್ತ ನೇರವಾಗಿ ಈಜಿ ದಣಿಯುವ ಬದಲು, ತೀರಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದು, ಅನಂತರ ದಡ ಸೇರಬೇಕು. ಮಕ್ಕಳನ್ನು ಮೊಣಕಾಲುದ್ದದ ನೀರಿನಾಚೆ ಬಿಡಕೂಡದು. ನೌಕರರ ತಂಡವಾದರೆ ನೀರಿಗಿಳಿಯದೆ ದಡದಲ್ಲೇ ನಿಂತು ತಲೆ ಎಣಿಸುವ ಒಬ್ಬರನ್ನು ಮುಂಚಿತವಾಗಿ ನೇಮಿಸತಕ್ಕದ್ದು.

ಊರಿಗೆ ಮರಳಿದ ದಿನವೇ ಕಾರಿನ ತಳಭಾಗವನ್ನು ಸಿಹಿನೀರಿನಿಂದ ತೊಳೆಸಬೇಕು. ಉಪ್ಪಿನಂಶ ಉಳಿದರೆ ತುಕ್ಕು ಹಿಡಿಯುವುದು ಕಣ್ಣಿಗೆ ಬೀಳುವ ಹೊತ್ತಿಗೆ ಮುಂದಿನ ಮಳೆಗಾಲ ಬಂದಿರುತ್ತದೆ. ಡೇರೆಯನ್ನು ಬಿಸಿಲಿಗೆ ಒಣಗಿಸಿದ ಮೇಲೆಯೇ ಮಡಿಸಬೇಕು.